ವಿಲಾಯತಿ ಅತಿಥಿಗೆ ಹಂಗಾಮು ಹುಡುಕಿದ್ದು

ಸುಮಾ ದೊಡ್ಡ ಹೋಟೆಲಿನಲ್ಲಿ ಕೆಲಸಕ್ಕೆ ಸೇರುತ್ತಾಳಂತೆ. ಅದಕ್ಕಾಗಿ ಕಾಲೇಜಿಗೆ ಹೋಗಿ ಹಾಸಿಗೆ ಹಾಸುವುದನ್ನೂ ಲೋಟ ಇಡುವುದನ್ನೂ ಕಲಿತು ಬಂದಿದ್ದಾಳೆ. "ಅಜ್ಜಿ, ನೀನೂ ಇದೇ ಕೆಲಸ ಮಾಡಿದಾಕಿ ಅಲ್ಲೇನು? ಹೆಂಗಿತ್ತು ಅಂತ ಬರೆದು ಕೊಡು" ಎಂದಳು. ಬಾಯಲ್ಲಿ ಹೇಳು ಎಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಜನರ ಎದುರು ನನಗೆ ಮೊದಲಿನಿಂದಲೂ ನಾಲಿಗೆ ಏಳುವುದಿಲ್ಲ. ಊರ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಇದನ್ನೂ ಹಾಗೆಯೇ ತಿಳಿಯಿರಿ, ಮಕ್ಕಳೇ.

ನಿಮ್ಮ ಅಜ್ಜ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಅವರು ತೀರಿಕೊಂಡಾಗ ನಿಮ್ಮ ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಗಿರಣಿಯವರು ನನ್ನನ್ನು ತಮ್ಮ ಗೆಸ್ಟ್ ಹೌಸಿಗೆ ಹಾಕಿಕೊಂಡರು. ಕೋಣೆ ಗುಡಿಸಿ ಒರೆಸುವುದು, ಹಾಸಿಗೆ ಬದಲಿಸುವುದು, ಮಾಂಸ ತಿನ್ನದವರಿಗೆ ಅಡುಗೆ ಮಾಡುವುದು, ಹೆಂಗಸರು ಬಂದರೆ ಅವರ ಬೇಕು ಬೇಡ ನೋಡುವುದು, ಇದು ನನ್ನ ಕೆಲಸ. ಆಗ ಇಸ್ತ್ರಿ ಎಂದರೆ ಇದ್ದಿಲಿನದು. ಒಂದು ಕಿಡಿ ಹಾರಿದರೆ ಹಾಸಿಗೆಯ ಬಟ್ಟೆಯಲ್ಲಿ ಚಂದ್ರನಷ್ಟು ತೂತು. ಮಂಜುಗಡ್ಡೆ ಗೋಣಿಚೀಲದಲ್ಲಿ, ಮರದ ಹೊಟ್ಟಿನೊಳಗೆ ಕೂತು ಬರುತ್ತಿತ್ತು. ನಮ್ಮ ಅಡುಗೆಮನೆ ಮುಟ್ಟುವಷ್ಟರಲ್ಲಿ ಹೊಟ್ಟು ಹೆಚ್ಚು, ಮಂಜು ಕಡಿಮೆ. ಈಗ ಸುಮಾ ಗೋಡೆಯ ಗುಂಡಿ ಒತ್ತಿದರೆ ಕೋಣೆ ತಣ್ಣಗಾಗುತ್ತದೆ. ಆಗ ನಾವು ಲಾವಂಚದ ತಟ್ಟಿಗೆ ನೀರು ಎರಚಿ ಎರಚಿ ನಾವೇ ಬೆವರುತ್ತಿದ್ದೆವು.

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಸೇರಿದ ಹೊಸತರಲ್ಲಿ ಚಹದ ಕೆಟಲಿಗೆ ಮುಚ್ಚುವ ಹತ್ತಿಯ ಟೊಪ್ಪಿಗೆಯನ್ನು ಯಾವುದೋ ಮಗುವಿನ ಕುಲಾವಿ ಎಂದು ತಿಳಿದು, ಮದರಾಸಿನಿಂದ ಬಂದಿದ್ದ ಆಡಿಟರ ಹ್ಯಾಟಿನ ಪಕ್ಕ ಗೂಟಕ್ಕೆ ನೇತು ಹಾಕಿದೆ. ಅವರು ಚಳಿ ಎಂದು ಅದನ್ನೇ ತಲೆಗೆ ಏರಿಸಿಕೊಂಡು ಮಲಗಿದರು. ಬೆಳಿಗ್ಗೆ ಎದ್ದು, "ಟೊಪ್ಪಿಗೆ ಬೆಚ್ಚಗಿದೆ, ಆದರೆ ಕಿವಿಯ ಹತ್ತಿರ ತೂತು ಯಾಕೆ?" ಎಂದು ಕೇಳಿದರು. ನಾನು ಬಾಗಿಲ ಹಿಂದೆ ಸರಿಯುವಷ್ಟರಲ್ಲಿ, "ಗಾಳಿ ಆಡಲಿ ಎಂದಿರಬೇಕು" ಎಂದು ತಾವೇ ಹೇಳಿಕೊಂಡರು. ಕಲಿತವರು ಮಾಡಿದ ತಪ್ಪಿಗೆ ಕಾರಣವನ್ನು ಅವರೇ ಹುಡುಕಿಕೊಳ್ಳುತ್ತಾರೆ ಎಂಬುದು ಆವತ್ತು ತಿಳಿಯಿತು.

ನಮ್ಮ ಮೇಲಿನವರು ಮ್ಯಾನೇಜರ್ ಚನ್ನವೀರಪ್ಪನವರು. ಸುಡು ಬೇಸಿಗೆಯಲ್ಲೂ ಬಿಳಿಯ ಕೋಟು ಬಿಡದ ಮನುಷ್ಯ. 'ಪ್ರೋಗ್ರಾಂ' ಎಂಬುದು ಅವರ ಜಪ. ಅವರು ಉಂಡರೂ ಪ್ರೋಗ್ರಾಂ, ಮಲಗಿದರೂ ಪ್ರೋಗ್ರಾಂ. ಮಾಂಸದ ಅಡುಗೆ, ಇಂಗ್ಲಿಷ್ ಅಡುಗೆ ಎಲ್ಲ ಖಾನ್ಸಾಮ ಬುಡನ್ ಸಾಬರದು. ಅವರ ಮನೆ ಹರಿಹರದಲ್ಲಿ. ದಾವಣಗೆರೆಯಿಂದ ಬಸ್ಸು ಹತ್ತಿದರೆ ಒಂದು ತೂಕಡಿಕೆಯಷ್ಟು ದೂರ. ಆದರೂ ಆ ಸಾಬರು ಮನೆ ಕಾಣುತ್ತಿದ್ದದ್ದು ಗೆಸ್ಟ್ ಹೌಸಿನಲ್ಲಿ ಯಾರೂ ಇಲ್ಲದ ದಿನ ಮಾತ್ರ. ಮಗಳು ಫಾತಿಮಾ ದೊಡ್ಡವಳಾದದ್ದನ್ನು ಅವರು ಕಂತಿನಲ್ಲಿ ನೋಡಿದರು. ಅವಳಿಗೆ ಹರಿಹರದಲ್ಲೇ ಗಂಡು ಗೊತ್ತಾಗಿತ್ತು. ಗಂಡಿನ ತಂದೆ ದಸ್ತಗೀರ್ ಸಾಬರದು ಕುಲುಮೆ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕುವ ಕೆಲಸ. ಮಾತೂ ಹಾಗೆಯೇ, ಕಾದದ್ದು.

ಆ ವರ್ಷ ಗಿರಣಿಯ ಒಡೆಯರಾದ ನಮ್ಮ ಸಾಹುಕಾರರು ವಿಲಾಯತಿಯಿಂದ ಹೊಸ ಮಗ್ಗ ತರಿಸಿದ್ದರು. ಮಗ್ಗ ಮಾರಿದ ದೊರೆ ಹೆಂಡತಿಯ ಜೊತೆ ಬಂದು ನೋಡಿ ಹೋಗುತ್ತೇನೆಂದು ಕಾಗದ ಬರೆದ. ನಿಮ್ಮದು ಉಷ್ಣದೇಶ, ಅಲ್ಲಿಗೆ ಹೋಗುವವರು ಹವೆ ನೋಡಿ ತಿಂಗಳು ಆರಿಸಿಕೊಳ್ಳಬೇಕೆಂದು ನಮ್ಮ ಪ್ರವಾಸದ ಪುಸ್ತಕ ಹೇಳುತ್ತದೆ, ಯಾವ ತಿಂಗಳು ಅನುಕೂಲ ತಿಳಿಸಿ ಎಂದು ಕೇಳಿದ್ದ. ಪಾಪ, ಸರಳವಾದ ಪ್ರಶ್ನೆ. ಉತ್ತರ ಕೊಡಲು ಗೆಸ್ಟ್ ಹೌಸಿನ ಹಾಲಿನಲ್ಲಿ ಸಭೆ ಕರೆದರು. ಮ್ಯಾನೇಜರು, ಗಿರಣಿಯ ಡಾಕ್ಟರು, ವಿಲಾಯತಿಗೆ ಹೋಗಿ ಬಂದಿದ್ದ ನೇಯ್ಗೆ ಮಾಸ್ತರರು. ನಾನು ಚಹದ ತಟ್ಟೆ ಹಿಡಿದು ಪರದೆಯ ಹಿಂದೆ.

"ಬ್ಯಾಸಿಗಿ ಬ್ಯಾಡ್ರಿ," ಎಂದರು ಡಾಕ್ಟರು. "ನಮ್ಮ ಬಿಸಿಲಿಗೆ ಬಿಳೀ ಜನ ಬೆಣ್ಣಿ ಕರಗಿದಂಗೆ ಕರಗ್ತಾರೆ. ಆಮ್ಯಾಲೆ ಸರ್ಟಿಫಿಕೇಟು ಬರಿಯೋನು ನಾನು."

"ಮಳೆಗಾಲ?" ಎಂದರು ಮಾಸ್ತರರು.

"ಮಳೆಗಾಲ ಅಂದ್ರೆ ಎರೆ ಮಣ್ಣು," ಎಂದರು ಮ್ಯಾನೇಜರು. "ಹರಿಹರದ ದಾರಿಯಾಗ ಸಾಹುಕಾರ್ರ ಕಾರು ಹುಗಿದು, ಎತ್ತು ಕಟ್ಟಿ ಎಳಿಸಿದ್ದು ಮರ್ತ್ರಾ? ದೊರೆ ಎತ್ತಿನ ಬಾಲ ನೋಡ್ಕೋತ ಊರೊಳಗ ಬರಬೇಕೇನು?"

"ಆಷಾಢದಾಗ ಒಂದೀಟು ಬಿಡುವು ಕೊಡ್ತದಲ್ರಿ ಮಳೆ?" ಎಂದರು ಮಾಸ್ತರರು.

"ಆಷಾಢದಾಗ ಹೊಸ ಸೊಸೀನೇ ಅತ್ತಿ ಮನ್ಯಾಗ ಇರಂಗಿಲ್ಲ. ಹೊಸ ಮಗ್ಗಕ್ಕೆ ಪೂಜೆ ಮಾಡ್ತೀರೇನು? ಸಾಹುಕಾರ್ರ ತಾಯಿ ಒಪ್ಪಂಗಿಲ್ಲ," ಎಂದರು ಮ್ಯಾನೇಜರು.

ಶ್ರಾವಣದಲ್ಲಿ ಕಾಂಪೌಂಡಿನೊಳಗೆ ಮಾಂಸ ಬರುವಂತಿರಲಿಲ್ಲ. ದೊರೆ ತಿಂಗಳಿಡೀ ಉಪ್ಪಿಟ್ಟು ತಿಂದು ಮಗ್ಗ ವಾಪಸು ತೆಗೆದುಕೊಂಡು ಹೋದಾನು ಎಂದು ಮಾಸ್ತರರು ಹೆದರಿದರು. ಪಕ್ಷಮಾಸ ಎಂದಾಗ ಡಾಕ್ಟರೇ ನಕ್ಕರು. "ಆವಾಗ ಬಂದೋರಿಗೆ ಹಿರೇರು ಅಂತ ಎಡಿ ಇಡಬೇಕಾಗ್ತದ್ರಿ." ದಸರೆಯಿಂದ ದೀಪಾವಳಿಯವರೆಗೆ ಸಾಹುಕಾರರಿಗೆ ಪೂಜೆಯಿಂದ ಬಿಡುವಿಲ್ಲ. ಚಳಿಗಾಲ ಎಲ್ಲಕ್ಕಿಂತ ಚೆನ್ನ ಎಂದು ಒಪ್ಪುವಷ್ಟರಲ್ಲಿ ಪುಷ್ಯ ಮಾಸ ಶುಭಕ್ಕೆ ಬಾರದು ಎಂಬ ಮಾತು ಎದ್ದಿತು. ಮಾಸ್ತರರು ಬೇಸತ್ತು, "ಮತ್ತೆ ಚಳಿ ಅವರ ದೇಶದಾಗೇ ಬೇಕಾದಷ್ಟು ಐತ್ರಿ. ಚಳಿ ನೋಡಾಕೆ ಹಡಗು ಹತ್ತಿ ಬರ್ತಾರೇನು?" ಎಂದರು. ಹನ್ನೆರಡು ತಿಂಗಳೂ ಮುಗಿದವು. ಚಹವೂ ಮುಗಿಯಿತು.

ಅಡುಗೆಮನೆಗೆ ಬಂದು ಹೇಳಿದಾಗ ಬುಡನ್ ಸಾಬರು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ನಕ್ಕರು. ಅವರ ಹತ್ತಿರ ಮಾತ್ರ ನನಗೆ ನಾಲ್ಕು ಮಾತು ಬರುತ್ತಿತ್ತು.

"ಗೌರಕ್ಕ, ಈ ಸಾಹೇಬನಿಗೆ ಅಲ್ಲಾ ಹದಿಮೂರನೇ ತಿಂಗಳು ಮಾಡಬೇಕು."

"ಅಧಿಕ ಮಾಸ ಐತಲ್ರಿ ಸಾಬ್ರ."

"ಅದಕ್ಕೂ ಏನಾದ್ರೂ ಅಡ್ಡ ಹೇಳ್ತಾರೆ, ತಡೀರಿ."

ಕೊನೆಗೆ ದೀಪಾವಳಿ ಕಳೆದ ಮೇಲೆ, ಪುಷ್ಯ ಬರುವ ಮುಂಚೆ ಎಂದು ಬರೆದರು. ಬುಡನ್ ಸಾಬರ ಮುಖ ಸಪ್ಪಗಾಯಿತು. ಫಾತಿಮಾಳ ಮದುವೆ ಗೊತ್ತಾಗಿದ್ದೂ ಅದೇ ಹೊತ್ತಿಗೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಿಸಿಲಿಲ್ಲ, ಕೆಸರಿಲ್ಲ, ಚಪ್ಪರ ಹಾರುವ ಗಾಳಿಯಿಲ್ಲ. ದೊರೆಗೆ ಒಳ್ಳೆಯ ಹವೆ ಬಡವನ ಮದುವೆಗೂ ಒಳ್ಳೆಯ ಹವೆಯೇ. ಸಾಬರು ರಜೆ ಕೇಳಿದರು.

"ಇಂಗ್ಲಿಷ್ ಅಡಿಗಿ ಮಾಡೋರು ನೀವೊಬ್ರೇ," ಎಂದರು ಮ್ಯಾನೇಜರು. "ಮದುವಿ ಮುಂದಕ್ಕೆ ಹಾಕ್ರಿ ಸಾಬ್ರ. ದೊರೆ ಮುಂದಕ್ಕೆ ಹೋಗ್ತಾನೇನು?"

ಸಾಬರು ಮದುವೆಯನ್ನು ಮುಂದಕ್ಕೆ ಹಾಕಿದರು. ದೊರೆಯೂ ಮುಂದಕ್ಕೆ ಹೋದ. ಆ ಹೊತ್ತಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಬಿರುಗಾಳಿ ಏಳುತ್ತದೆಂದು ಅವನ ಪುಸ್ತಕದಲ್ಲಿತ್ತಂತೆ. ಬಂಗಾಳ ಕೊಲ್ಲಿ ಎಲ್ಲಿ, ದಾವಣಗೆರೆ ಎಲ್ಲಿ! ಆದರೂ ಚನ್ನವೀರಪ್ಪನವರು ಒಂದು ವಾರ ಗೆಸ್ಟ್ ಹೌಸಿನ ಹಂಚು ಬಿಗಿ ಮಾಡಿಸಿದರು.

ಮಾಘಕ್ಕೆ ಎರಡನೆಯ ಪ್ರೋಗ್ರಾಂ. ಸಾಬರ ಮಗಳ ಮದುವೆಯೂ ಮತ್ತೆ ಆ ಹೊತ್ತಿಗೇ ಬಿದ್ದಿತ್ತು. ಮತ್ತೆ ರಜೆ ಇಲ್ಲ, ಮತ್ತೆ ಮದುವೆ ಮುಂದಕ್ಕೆ. ಈ ಸಲ ದೊರೆಸಾನಿಗೆ ಅಲ್ಲಿಯೇ ಶೀತವಾಯಿತು. ಉಷ್ಣದೇಶಕ್ಕೆ ಬರಲು ಹೊರಟವಳಿಗೆ ಶೀತ. ಅಷ್ಟರಲ್ಲಿ ರಂಜಾನ್ ಬಂತು, ಆ ತಿಂಗಳು ಮದುವೆಯ ಮಾತಿಲ್ಲ.

ರಂಜಾನ್ ಕಳೆದ ಮೇಲೆ ದಸ್ತಗೀರ್ ಸಾಬರು ಗೆಸ್ಟ್ ಹೌಸಿಗೇ ಬಂದರು. ಹಿತ್ತಲಲ್ಲಿ ಕಲ್ಲಿನ ಮೇಲೆ ಕೂತರು. ಚಹ ಮುಟ್ಟಲಿಲ್ಲ.

"ಬುಡನ್ ಭಾಯಿ, ಒಂದು ಮಾತು ಕೇಳ್ತೀನಿ. ನಿಮ್ಮ ಮಗಳ ನಿಕಾ ನನ್ನ ಮಗನ ಕೂಡ ಐತೋ, ಆ ಬಿಳೀ ಸಾಹೇಬನ ಕೂಡ ಐತೋ?"

"ಹಂಗೆ ಅನಬ್ಯಾಡ್ರಿ ಭಾಯಿ. ನೌಕರಿ."

"ನನ್ನದೂ ಕುಲುಮಿ. ಕಬ್ಬಿಣ ಕಾದಾಗ ಬಡೀಬೇಕು. ಆರಿದ ಮ್ಯಾಲೆ ಬಡಿದ್ರೆ ಕೈ ನೋವು ಒಂದೇ. ಓಣ್ಯಾಗ ಜನ ಹುಡುಗ್ಯಾಗ ಏನೋ ಐಬು ಐತೆ, ಅದಕ್ಕೇ ಎಳೀತಾರೆ ಅಂತಾರೆ. ಮೊಹರಂ ಚಾಂದ್ ಕಾಣೋದ್ರೊಳಗ ನಿಕಾ ಆಗಬೇಕು. ನೀವು ಬಂದು ಮುಂದೆ ಕೂಡಬೇಕು, ಅಣ್ಣತಮ್ಮರನ್ನ ಕೂಡಿಸಿದ್ರೆ ನಡಿಯಂಗಿಲ್ಲ. ಹೆಣ್ಣಿನ ತಂದೇನೇ ಇಲ್ಲದ ಮದುವಿ ಅಂದ್ರೆ ಜನ ಏನಂತಾರೆ? ಆಗಂಗಿಲ್ಲ ಅಂದ್ರೆ ಮುರೀರಿ, ನಾನು ಬ್ಯಾರೆ ನೋಡ್ತೀನಿ."

ಸಾಬರು ಕುರಾನಿನ ಮೇಲೆ ಆಣೆ ಇಟ್ಟು ಒಂದು ಭಾನುವಾರ ಗೊತ್ತು ಮಾಡಿದರು. ಬೇಸಿಗೆಯ ಕೊನೆ, ರೋಹಿಣಿ ಮಳೆ ಹುಟ್ಟುವ ಹೊತ್ತು. ದಾವಣಗೆರೆಯಲ್ಲಿ ನಾಯಿಯೂ ನೆರಳು ಬಿಟ್ಟು ಏಳದ ಕಾಲ. ಇಂಥ ಕಾಲದಲ್ಲಿ ಯಾವ ದೊರೆ ಬರುತ್ತಾನೆ ಎಂಬುದೇ ಅವರ ಧೈರ್ಯ. ಸಭೆಯಲ್ಲಿ ಎಲ್ಲಕ್ಕಿಂತ ಮೊದಲು ಬೇಡವೆಂದದ್ದು ಈ ಕಾಲವನ್ನೇ ಅಲ್ಲವೇ?

ದೊರೆಯ ತಂತಿ ಬಂತು. ಮಳೆಗಾಲ ಹಿಡಿಯುವ ಮುಂಚೆ ಬಂದು ಹೋಗುವುದೇ ಉತ್ತಮ ಎಂದು ಪುಸ್ತಕ ಓದಿ ತೀರ್ಮಾನಿಸಿದ್ದೇವೆ; ಶನಿವಾರ ಸಂಜೆ ದಾವಣಗೆರೆ ಸ್ಟೇಷನ್, ಭಾನುವಾರ ಮಧ್ಯಾಹ್ನ ಗೆಸ್ಟ್ ಹೌಸಿನಲ್ಲಿ ಊಟ. ನಿಕಾ ಇದ್ದದ್ದೂ ಅದೇ ಭಾನುವಾರ, ಮಧ್ಯಾಹ್ನದ ನಮಾಜು ಮುಗಿದ ಮೇಲೆ.

ಮ್ಯಾನೇಜರ ಕೋಣೆಯಿಂದ ಹೊರಗೆ ಬಂದ ಸಾಬರು ನನ್ನನ್ನು ನೋಡಿ, "ಹೋದ್ರೆ ಹಂಗೇ ಹೋಗಿಬಿಡ್ರಿ ಅಂದ್ರು" ಎಂದು ಮಾತ್ರ ಹೇಳಿದರು. ನೌಕರಿ ಹೋದರೆ ಫಾತಿಮಾಳ ಇಬ್ಬರು ತಂಗಿಯರಿಗೆ ಅನ್ನವಿಲ್ಲ. ನಿಕಾ ತಪ್ಪಿದರೆ ಫಾತಿಮಾಳಿಗೆ ಗಂಡಿಲ್ಲ. ಆ ವಾರ ಅವರು ಎಲ್ಲ ಅಡುಗೆಗೂ ಉಪ್ಪು ಎರಡು ಸಲ ಹಾಕಿದರು.

ಫಾತಿಮಾ ಅಪ್ಪನನ್ನು ಕರೆದುಕೊಂಡು ಹೋಗಲು ಚಿಕ್ಕಪ್ಪನ ಜೊತೆ ಬಂದಿದ್ದಳು. ನಾನು ಬಟ್ಟೆ ಒಣಹಾಕುತ್ತಿದ್ದಲ್ಲಿಗೆ ಬಂದು, "ಗೌರಮ್ಮಾರೆ, ನಾನೇನು ಗಿರಣಿ ಮಗ್ಗ ಏನ್ರಿ, ಅವರಿಗೆ ಬೇಕಾದಾಗ ಬಂದ್ ಮಾಡಾಕೆ?" ಎಂದಳು. ದಿಂಬಿನ ಚೀಲ ಹಿಂಡುತ್ತ ನಿಂತೆ.

ಶನಿವಾರ ಸಂಜೆ ನನ್ನನ್ನೂ ಸ್ಟೇಷನ್ನಿಗೆ ಕರೆದೊಯ್ದರು. ಗಂಡ ಸತ್ತವಳು ಎಂದು ಹಾರದ ತಟ್ಟೆ ನನ್ನ ಕೈಗೆ ಕೊಡಲಿಲ್ಲ. ದೊರೆಸಾನಿಯ ಚೀಲ ಹೊರಲು ಆ ಕೈ ಆಗುತ್ತಿತ್ತು. ರೈಲಿನಿಂದ ಇಳಿದ ಗಂಡಹೆಂಡಿರನ್ನು ನೋಡಿ ಪ್ಲಾಟ್‌ಫಾರ್ಮಿನ ಹಮಾಲರೆಲ್ಲ ಹೊರೆ ಇಳಿಸಿ ನಿಂತರು. ಇಬ್ಬರಿಗೂ ಮೊಣಕಾಲುದ್ದದ ರಬ್ಬರಿನ ಬೂಟು, ಮೈಮೇಲೆ ಮಳೆಕೋಟು. ಆಕಾಶ ಕಾದ ಹಂಚಿನ ಹಾಗಿತ್ತು. ಹಾರ ಹಾಕಿದ ಮೇಲೆ ದೊರೆ ಮೇಲೆ ನೋಡಿ ಏನೋ ಕೇಳಿದ. ಮಾಸ್ತರರು, "ಮಳಿ ಎಲ್ಲಿ ಅಂತಾರ್ರಿ" ಎಂದು ಹೇಳಿದರು. ಚನ್ನವೀರಪ್ಪನವರು ತಪ್ಪು ಮಾಡಿದವರ ಹಾಗೆ ಕೈ ಜೋಡಿಸಿ, "ನಾಳೆ ವ್ಯವಸ್ಥಾ ಮಾಡ್ತೀವಿ ಅಂತ ಹೇಳ್ರಿ" ಎಂದುಬಿಟ್ಟರು. ಮಳೆಯ ಮುಂಚೆ ಬರುತ್ತೇವೆಂದವರು ಮಳೆಗೆ ಸಿದ್ಧರಾಗಿ ಬಂದು, ಮಳೆ ಇಲ್ಲವೆಂದು ಮುಖ ಸಣ್ಣ ಮಾಡಿದರು! ಸುಮಾ, ಅತಿಥಿ ಎಂದರೆ ಇದು.

ದೊರೆಸಾನಿ ತನ್ನ ಟ್ರಂಕು ಬಿಚ್ಚಿ ಜೋಡಿಸಲು ನನ್ನನ್ನು ಕರೆದಳು. ಮೇಲೆ ನಾಲ್ಕು ಬಟ್ಟೆ. ಕೆಳಗೆ ತಗಡಿನ ಡಬ್ಬಿಗಳು, ಸಾಲು ಸಾಲು, ಮೀನಿನ ಚಿತ್ರದವು, ಹಣ್ಣಿನ ಚಿತ್ರದವು, ಬಟಾಣಿ ಚಿತ್ರದವು. ನಾನು ನೀರಿನ ಹೂಜಿ ಇಟ್ಟರೆ ಬೆರಳಾಡಿಸಿ ಬೇಡ ಎಂದಳು. ಸೋಡಾ ತರಿಸಿ ಅದರಲ್ಲಿ ಹಲ್ಲು ಉಜ್ಜಿದಳು. ಉಷ್ಣದೇಶದಲ್ಲಿ ಏನನ್ನೂ ಮುಟ್ಟಬಾರದೆಂದು ಆ ಪುಸ್ತಕವೇ ಹೇಳಿತ್ತೆಂದು ಆಮೇಲೆ ಮಾಸ್ತರರಿಂದ ತಿಳಿಯಿತು.

ನಾನು ಸಾಬರಿಗೆ ಹೇಳಿದೆ. ಸಾಬರು ಮ್ಯಾನೇಜರಿಗೆ ಹೇಳಿದರು.

"ಡಬ್ಬಿ ತರ್ತಾರೆ ಅಂದ್ರೆ ತಿಂತಾರೆ ಅಂತಲ್ಲ," ಎಂದರು ಮ್ಯಾನೇಜರು. "ದೊಡ್ಡ ಜನ, ಸುಮ್ಮನೆ ಜೋಡಿಗೆ ಇಟ್ಕೊಂಡಿರ್ತಾರೆ. ನೀವು ಪ್ರೋಗ್ರಾಂ ಪ್ರಕಾರ ಮಾಡ್ರಿ."

ಭಾನುವಾರ ಬೆಳಗಿನಿಂದ ಸಾಬರು ಪ್ರೋಗ್ರಾಂ ಪ್ರಕಾರ ಮಾಡಿದರು. ಸೂಪು, ಕಟ್ಲೆಟ್ಟು, ಇಡೀ ಕೋಳಿ, ಸಕ್ಕರೆ ಕಂದಿಸಿ ಮಾಡುವ ಪುಡ್ಡಿಂಗು. ಕೆಲಸ ಮಾಡುತ್ತಲೇ ಹೊಸ ಜುಬ್ಬಾ ತೊಟ್ಟಿದ್ದರು, ಮೇಲೆ ಏಪ್ರನ್ ಕಟ್ಟಿದ್ದರು. ಊಟ ಬೇಗ ಮುಗಿದರೆ ಅತ್ತರು ಹಚ್ಚಿಕೊಂಡು ಓಡುವುದು ಅವರ ಲೆಕ್ಕ. ಬೆಳಿಗ್ಗೆ ತಿಂಡಿಗೂ ದೊರೆಗಳು ತಮ್ಮ ಬಿಸ್ಕತ್ತೇ ತಿಂದಿದ್ದರು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನ ಮೇಜಿನ ಮೇಲೆ ಸೂಪು ಹೊಗೆಯಾಡುತ್ತಿತ್ತು. ದೊರೆಸಾನಿ ಅದನ್ನು ನೋಡಿ ನಕ್ಕಳು, ಬಹಳ ಚೆಂದವೆಂದಳು, ಪಕ್ಕಕ್ಕೆ ಸರಿಸಿದಳು. ಚೀಲದಿಂದ ಮೀನಿನ ಡಬ್ಬಿಗಳನ್ನು ತೆಗೆದು ಸಾಲಾಗಿ ಇಟ್ಟಳು. ಆಮೇಲೆ ಬೆರಳನ್ನು ಗುಂಡಗೆ ತಿರುಗಿಸಿ ಏನೋ ಕೇಳಿದಳು.

"ಡಬ್ಬಿ ತೆಗಿಯೋ ಸಾಮಾನು ಮರೆತು ಬಂದಾರಂತ್ರಿ," ಎಂದರು ಮಾಸ್ತರರು.

ನಮ್ಮಲ್ಲಿ ಅದು ಇರಲಿಲ್ಲ. ಎರಡು ಹಂಗಾಮು ತಯಾರಿ ಮಾಡಿ, ಹಂಚು ಬಿಗಿಸಿ, ಲಾವಂಚದ ತಟ್ಟಿ ಕಟ್ಟಿ, ಫೋರ್ಕು ಚಾಕುಗಳನ್ನು ಮದರಾಸಿನಿಂದ ತರಿಸಿದ್ದ ಗೆಸ್ಟ್ ಹೌಸಿನಲ್ಲಿ ಡಬ್ಬಿ ತೆರೆಯುವ ಸಾಮಾನು ಇರಲಿಲ್ಲ. ಚನ್ನವೀರಪ್ಪನವರು ಡಬ್ಬಿಗಳನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿ ಬಂದರು, ಹಿಂದೆಯೇ ಮಾಸ್ತರರೂ. ಸಾಬರು ಆಗಲೇ ಏಪ್ರನ್ ಬಿಚ್ಚುತ್ತಿದ್ದರು.

"ಎಲ್ಲಿಗೆ? ಡಬ್ಬಿ ತೆಗೀರಿ ಮೊದ್ಲು!"

ಸಾಬರು ಒಲೆಯ ಮೇಲಿನ ಕೋಳಿ ನೋಡಿದರು, ಡಬ್ಬಿ ನೋಡಿದರು. "ಇದಕ್ಕೇನ್ರಿ ಸಾಹೇಬ್ರ, ಮೂರು ಸಲ ನನ್ನ ಮಗಳನ್ನ ನಿಲ್ಲಿಸಿದ್ದು? ಡಬ್ಬಿ ಬಿಚ್ಚಾಕೆ ಖಾನ್ಸಾಮ ಯಾಕ್ ಬೇಕ್ರಿ?"

"ಈಗರ ತಿಳೀತಿಲ್ಲೋ, ನೀವಿಲ್ಲದಿದ್ರೆ ನಡಿಯಂಗಿಲ್ಲ ಅಂತ! ತೆಗೀರಿ. ಇದಾದ ಮ್ಯಾಲೆ ರಾತ್ರಿ ಊಟಕ್ಕೂ ತೆಗೀಬೇಕು. ಇವತ್ತು ಎಲ್ಲೂ ಹೋಗಂಗಿಲ್ಲ."

ಹೊರಗೆ ಹತ್ತಿ ಅಂಡಿಗೆ ಹೇರಿದ ಲಾರಿಯೊಂದು ಹರಿಹರದ ಕಡೆಗೆ ಹೊರಡಲು ಎಂಜಿನ್ ಹಚ್ಚಿತ್ತು. ಸಾಬರ ಕೈ ಚಾಕುವಿನ ಕಡೆಗೆ ಹೋದದ್ದನ್ನು ನಾನು ನೋಡಿದೆ. ಕೆಲಸಕ್ಕೇ ಹೋಯಿತು ಆ ಕೈ, ಬೇರೆ ಯಾವುದಕ್ಕೂ ಅಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

"ಇತ್ಲಾಗ ಕೊಡ್ರಿ," ಎಂದೆ. "ನಾನು ತೆಗೀತೀನಿ. ಸಾಬ್ರ, ಲಾರಿ ಹೊಂಟೈತಿ. ನೀವು ನಡೀರಿ."

ಮ್ಯಾನೇಜರು ತಿರುಗಿ ನೋಡಿದರು. ಅಷ್ಟು ವರ್ಷದಲ್ಲಿ ಅವರೆದುರು ನಾನಾಡಿದ ಮೊದಲ ಮಾತು ಅದು. "ಈಕಿಗೆ ಮಾತು ಬರ್ತದಾ?" ಎಂದು ಅವರು ಮಾಸ್ತರರನ್ನು ಕೇಳುವಷ್ಟರಲ್ಲಿ ಸಾಬರ ಏಪ್ರನ್ ಒಂದೇ ಅಲ್ಲಿ ಉಳಿದಿತ್ತು, ಈರುಳ್ಳಿ ಬುಟ್ಟಿಯ ಮೇಲೆ.

ನಾನು ಹುಟ್ಟಿದಾಗಿನಿಂದ ಮೀನು ಮುಟ್ಟಿದವಳಲ್ಲ. ಸೆರಗು ಬಾಯಿಗೆ ಕಟ್ಟಿಕೊಂಡು, ಡಬ್ಬಿಯನ್ನು ನೆಲದ ಮೇಲೆ ಇಟ್ಟು, ದೊಡ್ಡ ಮೊಳೆ ಹಿಡಿದು ರುಬ್ಬುಗುಂಡಿನಿಂದ ಬಡಿದೆ. ಅಂಚಿನ ಸುತ್ತ ತೂತಿನ ಪಕ್ಕ ತೂತು. ಎರಡನೆಯ ಡಬ್ಬಿಗೆ ಮೀನಿನ ಎಣ್ಣೆ ಕಾರಂಜಿಯ ಹಾಗೆ ಎದ್ದು, ಬಗ್ಗಿ ನೋಡುತ್ತಿದ್ದ ಚನ್ನವೀರಪ್ಪನವರ ಬಿಳಿಯ ಕೋಟಿನ ಎದೆಯ ಮೇಲೆ ಕೂತಿತು. ಸದ್ದು ಕೇಳಿ ದೊರೆ ಬಾಗಿಲಿಗೆ ಬಂದ. ಚಪ್ಪಾಳೆ ತಟ್ಟಿದ. ಕ್ಯಾಮೆರಾ ತಂದ.

"ಇನ್ನೊಮ್ಮೆ ಮಾಡು ಅಂತಾರಮ್ಮ," ಎಂದರು ಮಾಸ್ತರರು.

ಇನ್ನೊಮ್ಮೆ ಮಾಡಿದೆ. ಆ ಡಬ್ಬಿಯನ್ನು ಯಾರೂ ತಿನ್ನಲಿಲ್ಲ. ನಮ್ಮ ಉಷ್ಣದೇಶದಲ್ಲಿ ದೊರೆ ನೋಡಿ ಖುಷಿಪಟ್ಟದ್ದು ಅದೊಂದೇ ಇರಬೇಕು. ಸಾಬರ ಕೋಳಿ, ಕಟ್ಲೆಟ್ಟುಗಳನ್ನು ಡಾಕ್ಟರೂ ಮಾಸ್ತರರೂ ಮುಗಿಸಿದರು. ಮರುದಿನ ದೊರೆಗಳು ಮಗ್ಗದ ಮುಂದೆ ನಿಂತು ಬೆವರಿ, ರೈಲು ಹತ್ತಿದರು. ಅವರು ಹೋದ ಮೇಲೆ ರೋಹಿಣಿ ಮಳೆ ಗುಡುಗುತ್ತ ಬಂತು. ಅದನ್ನು ಮ್ಯಾನೇಜರು ತಂತಿ ಕೊಟ್ಟು ದೊರೆಗೆ ತಿಳಿಸಿದರಂತೆ. ಸಾಬರು ಕೆಲಸಕ್ಕೆ ಬಂದಾಗ ಅವರನ್ನು ಒಳಗೆ ಕರೆಸಿದರು. ನಾನು ಬಾಗಿಲಲ್ಲಿ ಕಿವಿಯಿಟ್ಟು ನಿಂತಿದ್ದೆ. ಕೇಳಿದ್ದು ಇಷ್ಟೇ: "ಸಾಬ್ರ, ಮೀನಿನ ಎಣ್ಣಿ ಕಲೆ ಹೆಂಗ್ ಹೋಗ್ತದ್ರಿ?"

ನಿಕಾದ ವಿಷಯ ಫಾತಿಮಾಳೇ ಹೇಳಿದಳು. ನಮಾಜು ಮುಗಿದಿತ್ತು. ಖಾಜಿ ಎರಡು ಸಲ ಕೆಮ್ಮಿದ್ದರು. ದಸ್ತಗೀರ್ ಸಾಬರು ಎದ್ದು ಚಪ್ಪಲಿ ಮೆಟ್ಟುತ್ತಿದ್ದರಂತೆ, ಮಗನನ್ನು ಕರೆದುಕೊಂಡು ಹೊರಡಲು. ಆಗ ಓಣಿಯ ತುದಿಯಲ್ಲಿ ಲಾರಿ ನಿಂತು, ಗಡ್ಡದ ತುಂಬ ಹತ್ತಿ, ಹೊಸ ಜುಬ್ಬಾದ ಮೇಲೆ ಸೂಪಿನ ಹಳದಿ ಕಲೆ ಹೊತ್ತು ಬುಡನ್ ಸಾಬರು ಇಳಿದರು.

ದಸ್ತಗೀರ್ ಸಾಬರು ಒಂದು ಚಪ್ಪಲಿ ಮೆಟ್ಟಿಕೊಂಡೇ ಕೇಳಿದರು. "ಬಂದ್ರಾ? ಅಂತೂ ಸಾಹೇಬ್ರು ಬಿಟ್ರೇನು?"

"ಬಿಡಲಿಲ್ಲ ಭಾಯಿ," ಎಂದರಂತೆ ಸಾಬರು. "ಬಂದೆ."